ಗೊಂಚಲು ತಲೆನೋವಿನ ಆವರ್ತಾಂತ್ಯವಿಚಾರ

ರೋಗವು ಯಾವಾಗ ಮತ್ತು ಹೇಗೆ ಆರಂಭವಾಗುವುದೆಂಬುದನ್ನು ಕುರಿತು ವೈದ್ಯಗ್ರಂಥಗಳಲ್ಲಿ ದೊರೆಯುವಷ್ಟು ವಿವರವು, ಅದು ಯಾವಾಗ ಮುಗಿಯುವುದೆಂಬುದನ್ನು ಕುರಿತು ದೊರೆಯುವುದಿಲ್ಲ. ಬಹುಪಾಲು ರೋಗಗಳ ವಿಷಯದಲ್ಲಿ ಇದೊಂದು ಕೊರತೆಯೆಂದು ಯಾರಿಗೂ ತೋರದು. ಜ್ವರವಿಳಿದುದು ಮೈ ಮುಟ್ಟಿದರೆ ತಿಳಿಯುತ್ತದೆ. ಹುಣ್ಣು ಮಾದುದು ಕಣ್ಣಿಗೆ ಕಾಣುತ್ತದೆ. ಆದರೆ ಕೆಲವು ವಾರಗಳ ಕಾಲ ದಿನದಿನವೂ ಬಂದು ಹೋಗುತ್ತಿದ್ದು, ಬಳಿಕ ತಾನಾಗಿಯೇ ನಿಂತು, ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಮರಳಿ ತಲೆದೋರುವ ವ್ಯಾಧಿಯೊಂದಿದ್ದರೆ, ಅದರಲ್ಲಿ ‘ಈ ಸಲದ ಬಾಧೆಯು ಮುಗಿಯಿತೆ, ಇಲ್ಲವೆ?’ ಎಂಬ ಪ್ರಶ್ನೆಯು ರೋಗಿಗೂ ವೈದ್ಯನಿಗೂ ಸಮಾನವಾಗಿ ಕಠಿನವಾದುದಾಗುತ್ತದೆ. ಪಾಶ್ಚಾತ್ಯ ವೈದ್ಯರು ‘ಕ್ಲಸ್ಟರ್’ ಎಂದು ಹೆಸರಿಟ್ಟಿರುವ ತಲೆನೋವು, ಅಂದರೆ ಗೊಂಚಲು ತಲೆನೋವು, ಅಂಥ ವ್ಯಾಧಿಗಳಲ್ಲಿ ಪ್ರಧಾನವಾದುದು. ಅದರ ವರ್ಣನೆಗಳ ಚರಿತ್ರೆಯು ಮುನ್ನೂರೆಂಬತ್ತು ವರ್ಷಗಳಿಗಿಂತಲೂ ಹಿಂದಕ್ಕೆ ಹೋಗುತ್ತದೆ. ಆ ಚರಿತ್ರೆಯನ್ನು ರೋಗದ ಆರಂಭದ ಕಡೆಯಿಂದಲ್ಲದೆ ಮುಕ್ತಾಯದ ಕಡೆಯಿಂದ ಓದಿದರೆ, ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಹಲವು ಚಿಕಿತ್ಸೆಗಳ ಕೀರ್ತಿಯು ಎಲ್ಲಿಂದ ಬಂದಿತೆಂಬುದು ಸ್ಪಷ್ಟವಾಗುತ್ತದೆ.

ವಿಚಾರಕ್ಕೆ ತೊಡಗುವ ಮುನ್ನ ಮಾತುಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ. ಒಂದು ಸಲ ಬಂದು ಹೋಗುವ ನೋವನ್ನು ಇಲ್ಲಿ ‘ವೇಗ’ವೆಂದೂ, ಇಂಥ ವೇಗಗಳು ಮೇಲಿಂದ ಮೇಲೆ ಬರುತ್ತಿರುವ ಅವಧಿಯನ್ನು ‘ಆವರ್ತ’ವೆಂದೂ, ಎರಡು ಆವರ್ತಗಳ ನಡುವಣ ನೋವಿಲ್ಲದ ಕಾಲವನ್ನು ‘ವಿರಾಮ’ವೆಂದೂ ಕರೆದಿದೆ. ವೇಗವು ಕಾಲು ಗಂಟೆಯಿಂದ ಮೂರು ಗಂಟೆಯವರೆಗೆ ಇರುವುದು. ಎರಡು ದಿನಕ್ಕೊಂದರಿಂದ ಹಿಡಿದು ದಿನಕ್ಕೆ ಎಂಟರವರೆಗೆ ಬರಬಹುದು. ನೋವು ಒಂದೇ ಪಕ್ಕದಲ್ಲಿ, ಕಣ್ಣಿನ ಸುತ್ತ ಅಥವಾ ಕಪಾಲದಲ್ಲಿ. ಆ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಯುವುದು, ಮೂಗು ಕಟ್ಟುವುದು ಅಥವಾ ಸೋರುವುದು, ರೆಪ್ಪೆಯು ಜೋಲುವುದು, ಪಾಪೆಯು ಕಿರಿದಾಗುವುದು. ಅರೆತಲೆನೋವಿನ ರೋಗಿಯು ಕತ್ತಲೆಯ ಕೋಣೆಯಲ್ಲಿ ಅಲುಗಾಡದೆ ಮಲಗಬಯಸಿದರೆ, ಈ ರೋಗಿಯು ಕುಳಿತಲ್ಲಿ ಕೂರಲಾರದೆ ಅತ್ತಿತ್ತ ಓಡಾಡುತ್ತಿರುವನು. ಅನೇಕರಿಗೆ ವೇಗವು ನಿದ್ದೆ ಹತ್ತಿದ ಒಂದೆರಡು ಗಂಟೆಗಳಲ್ಲಿ ಬಂದು ಎಬ್ಬಿಸುವುದರಿಂದ, ಆವರ್ತದ ದಿನಗಳಲ್ಲಿ ಮಲಗುವುದಕ್ಕೇ ಅಂಜಿಕೆ. ಆವರ್ತವು ಸಾಮಾನ್ಯವಾಗಿ ಎರಡು ವಾರದಿಂದ ಮೂರು ತಿಂಗಳವರೆಗೆ ನಡೆಯುವುದು. ವಿರಾಮವೇ ಇಲ್ಲದೆ ವರ್ಷಗಟ್ಟಲೆ ನರಳುವವರೂ ಉಂಟು. ಅವರ ಸಂಖ್ಯೆಯು ಕಡಮೆ, ಮತ್ತು ಆವರ್ತಾಂತ್ಯದ ಪ್ರಶ್ನೆಯು ಅವರ ಮಟ್ಟಿಗೆ ಬೇರೆಯೇ ಆದುದು.

ಈ ರೋಗವೆಂದು ಹಲವರು ಗುರುತಿಸಿರುವ ಹಳೆಯ ವರ್ಣನೆಗಳಲ್ಲೊಂದು ಆಮ್ಸ್ಟರ್ಡಾಮಿನ ವೈದ್ಯನಾದ ನಿಕೊಲಾಸ್ ಟುಲ್ಪನದು. ರೆಂಬ್ರಾಂಟನು ೧೬೩೨ರಲ್ಲಿ ಬರೆದ ಶವಚ್ಛೇದನದ ಪ್ರಸಿದ್ಧ ಚಿತ್ರದಲ್ಲಿ ಇಕ್ಕಳವನ್ನು ಹಿಡಿದು ಪಾಠ ಹೇಳುತ್ತಿರುವವನು ಈತನೇ. ೧೬೪೧ರಲ್ಲಿ ಅಚ್ಚಾದ ತನ್ನ ವೈದ್ಯಕೀಯ ಅವಲೋಕನಗಳ ಲ್ಯಾಟಿನ್ ಗ್ರಂಥದಲ್ಲಿ ಆತನು ಒಬ್ಬ ರೋಗಿಯ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಬೇಸಗೆಯ ಆರಂಭದಲ್ಲಿ ಆ ಮನುಷ್ಯನಿಗೆ ಪ್ರತಿದಿನವೂ ಗೊತ್ತಾದ ಗಳಿಗೆಯಲ್ಲಿ ಘೋರವಾದ ತಲೆನೋವು ಬಂದು ಗೊತ್ತಾದ ಗಳಿಗೆಯಲ್ಲಿ ಹೋಗುತ್ತಿದ್ದಿತು. ಅದು ಎರಡು ಗಂಟೆಗಳನ್ನು ಮೀರುತ್ತಿದ್ದುದು ಅಪರೂಪ. ದಿನದ ಉಳಿದ ಕಾಲದಲ್ಲಿ ಜ್ವರವಿಲ್ಲ, ಮೂತ್ರದಲ್ಲಿ ದೋಷವಿಲ್ಲ, ನಾಡಿಯಲ್ಲಿ ವಿಕಾರವಿಲ್ಲ. ಹೀಗೆ ಹದಿನಾಲ್ಕನೆಯ ದಿನದವರೆಗೆ ನಡೆದು, ಬಳಿಕ ಮೂಗಿನಿಂದ ದ್ರವವು ಹೇರಳವಾಗಿ ಸುರಿದು, ಸ್ವಲ್ಪ ಕಾಲದಲ್ಲಿಯೇ ರೋಗಿಗೆ ಉಪಶಮನವಾಯಿತೆಂದು ಟುಲ್ಪನು ಹೇಳುತ್ತಾನೆ.

ವೈದ್ಯಚರಿತ್ರಕಾರರು ಈ ವೃತ್ತಾಂತದಲ್ಲಿ ಗೊತ್ತಾದ ಗಳಿಗೆಯನ್ನೂ ಎರಡು ಗಂಟೆಯ ಮಿತಿಯನ್ನೂ ಎತ್ತಿ ತೋರಿಸುವುದುಂಟು. ಪ್ರಕೃತ ವಿಚಾರಕ್ಕೆ ಅದಕ್ಕಿಂತ ಮುಖ್ಯವಾದುದು ಕಡೆಯ ಮಾತು. ಟುಲ್ಪನು ಆವರ್ತಾಂತ್ಯವನ್ನು ದಿನಸಂಖ್ಯೆಯೊಡನೆ ದಾಖಲೆ ಮಾಡಿದುದಲ್ಲದೆ, ಅದಕ್ಕೊಂದು ಲಕ್ಷಣವನ್ನೂ ಕೊಟ್ಟನು. ಹಿಪೊಕ್ರಟೀಸನ ಪರಂಪರೆಯಲ್ಲಿ ಕಲಿತ ವೈದ್ಯರಿಗೆ ಏಳು, ಹದಿನಾಲ್ಕು ಮೊದಲಾದ ದಿನಗಳು ರೋಗದ ಸಂಧಿದಿನಗಳು. ಆ ದಿನಗಳಲ್ಲಿ ಪ್ರಕೃತಿಯು ಬೆವರಿನಿಂದಲೋ ಮಲದಿಂದಲೋ ಮೂಗಿನ ಸ್ರಾವದಿಂದಲೋ ದೋಷವನ್ನು ಹೊರದೂಡುವುದೆಂದು ಅವರ ನಂಬಿಕೆ. ಹದಿನಾಲ್ಕನೆಯ ದಿನ ಮೂಗಿನಿಂದ ನೀರು ಸುರಿದು ನೋವು ನಿಂತುದು ಆ ಸಿದ್ಧಾಂತಕ್ಕೆ ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಮೂಗಿನ ಸ್ರಾವವು ಈ ರೋಗದಲ್ಲಿ ಪ್ರತಿಯೊಂದು ವೇಗದ ಜತೆಗೂ ಬರತಕ್ಕುದೆಂಬ ಸಂಗತಿಯು ಆ ಕಾಲದ ವೈದ್ಯನಿಗೆ ಹೊಳೆಯುವುದಕ್ಕೆ ಅವಕಾಶವೇ ಇರಲಿಲ್ಲ. ಟುಲ್ಪನ ಈ ಒಂದು ವರ್ಣನೆಯಿಂದ ರೋಗವು ಇದೇ ಎಂದು ಪ್ರಮಾಣ ಮಾಡಿ ಹೇಳುವುದು ಸಾಹಸವೇ ಸರಿ. ಆದರೆ ಇದೇ ಆಗಿದ್ದ ಪಕ್ಷದಲ್ಲಿ, ಆವರ್ತಾಂತ್ಯದ ಮೊದಲನೆಯ ಲಕ್ಷಣವೆಂದು ಬರೆಹದಲ್ಲಿ ನಿಂತುದು ನಿಜವಾಗಿ ವೇಗದ ಒಂದು ಲಕ್ಷಣವಾಗಿದ್ದಿತು. ಇದೇ ಬಗೆಯ ತಪ್ಪು ಮುಂದಿನ ಮುನ್ನೂರು ವರ್ಷಗಳಲ್ಲಿ ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುವುದು.

ನೂರು ವರ್ಷಗಳ ತರುವಾಯ ಗೆರಾರ್ಡ್ ವಾನ್ ಸ್ವೀಟನ್ ಎಂಬ ವೈದ್ಯನು ಬರೆದ ವರ್ಣನೆಯಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಲೈಡನ್ ನಗರದಲ್ಲಿ ಬೂರ್ಹಾವನ ಶಿಷ್ಯನಾಗಿದ್ದ ಈತನು ೧೭೪೫ರಲ್ಲಿ ವಿಯೆನ್ನಕ್ಕೆ ಹೋಗಿ ಮರಿಯ ತೆರೇಸಳ ಆಸ್ಥಾನವೈದ್ಯನಾದನು. ಗುರುವಿನ ಸೂತ್ರಗಳಿಗೆ ಈತನು ಬರೆದ ವ್ಯಾಖ್ಯಾನದ ಅದೇ ವರ್ಷದ ಸಂಪುಟದಲ್ಲಿ ದೃಢಕಾಯನಾದ ನಡುವಯಸ್ಸಿನ ಒಬ್ಬ ಮನುಷ್ಯನ ಪ್ರಸಂಗವು ಬರುತ್ತದೆ. ದಿನವೂ ಒಂದೇ ಹೊತ್ತಿಗೆ, ಎಡಗಣ್ಣಿನ ಮೇಲೆ, ನರವು ಹಣೆಯ ಎಲುಬಿನಿಂದ ಹೊರಬರುವ ಒಂದೇ ಸ್ಥಾನದಲ್ಲಿ ಅವನಿಗೆ ನೋವು ಹತ್ತುವುದು. ಕಣ್ಣು ಕೆಂಪಾಗಿ ನೀರಿಡುವುದು. ಕಣ್ಣುಗುಡ್ಡೆಯನ್ನು ಯಾರೋ ಮೆಲ್ಲಮೆಲ್ಲನೆ ಹೊರಕ್ಕೆ ನೂಕುತ್ತಿರುವಂತಾಗಿ ಅವನಿಗೆ ಹುಚ್ಚು ಹಿಡಿದಂತಾಗುವುದು. ಕೆಲವು ಗಂಟೆಗಳಾದ ಮೇಲೆ ಎಲ್ಲವೂ ನಿಂತುಹೋಗಿ, ಕಣ್ಣನ್ನು ಪರೀಕ್ಷಿಸಿದರೆ ಅದರಲ್ಲಿ ಯಾವ ವ್ಯತ್ಯಾಸವೂ ತೋರದು. ರಕ್ತಮೋಕ್ಷವನ್ನೂ ವಿರೇಚನವನ್ನೂ ಮಾಡಿಸಿದುದು ವ್ಯರ್ಥವಾಯಿತು.

ನೋವು ಹೋದ ಮೇಲೆ ಕಣ್ಣಿನಲ್ಲಿ ಏನೂ ಉಳಿಯಲಿಲ್ಲವೆಂಬ ವಾಕ್ಯವು ಬಹಳ ಬೆಲೆಯುಳ್ಳದು. ಒಂದು ವೇಗಕ್ಕೂ ಮುಂದಿನ ವೇಗಕ್ಕೂ ನಡುವೆ ರೋಗಿಯು ನೋಡುವವರಿಗೆ ಆರೋಗ್ಯವಂತನೇ. ಅವನು ಆವರ್ತದ ಒಳಗಿರುವನೋ ಹೊರಗಿರುವನೋ ಎಂಬುದನ್ನು ಹೊರಗಿನಿಂದ ಕಂಡುಹಿಡಿಯುವ ಗುರುತಿಲ್ಲ. ಕೆಲವರಲ್ಲಿ ರೆಪ್ಪೆಯ ಜೋಲು ಮತ್ತು ಪಾಪೆಯ ಕಿರಿದುತನವು ವೇಗಗಳ ನಡುವೆಯೂ ಉಳಿದಿರುವುದು ನಿಜ. ಆದರೆ ಅದು ಆವರ್ತ ಮುಗಿದ ಮೇಲೂ ಉಳಿಯಬಹುದಾದುದರಿಂದ ಈ ಕೆಲಸಕ್ಕೆ ಬಾರದು.

ಗೊತ್ತಾದ ಹೊತ್ತಿಗೆ ಬರುವ ಇಂಥ ನೋವುಗಳನ್ನು ಆ ಕಾಲದ ವೈದ್ಯರು ವಿಷಮಜ್ವರದ ಬಳಗಕ್ಕೆ ಸೇರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಹುಬ್ಬಿನ ನೋವಿಗೆ ‘ಹುಬ್ಬಿನ ಚಳಿಜ್ವರ’ವೆಂಬ ಅರ್ಥದ ಹೆಸರೇ ಇದ್ದಿತು, ಸಿಂಕೋನದ ತೊಗಟೆಯನ್ನು ಕೊಡುವುದು ಅದಕ್ಕೆ ಚಿಕಿತ್ಸೆ. ಕಾಲವನ್ನೇ ಲಕ್ಷಣವಾಗಿ ಹಿಡಿಯುವ ಕ್ರಮವು ಭಾರತೀಯ ವೈದ್ಯದಲ್ಲಿಯೂ ಪ್ರಾಚೀನವಾದುದೇ. ಸುಶ್ರುತಸಂಹಿತೆಯ ಉತ್ತರತಂತ್ರವು ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ಸೂರ್ಯಾವರ್ತವು ಸೂರ್ಯೋದಯದೊಡನೆ ಕಣ್ಣುಹುಬ್ಬುಗಳಲ್ಲಿ ಮೊದಲಾಗಿ ಬಿಸಿಲಿನೊಡನೆ ಏರಿ ಬಿಸಿಲಿನೊಡನೆ ಇಳಿಯುವುದು. ಅರ್ಧಾವಭೇದಕವು ಪಕ್ಷಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅಥವಾ ಅಕಸ್ಮಾತ್ತಾಗಿಯೋ ಬರುವುದು. ಇವುಗಳಲ್ಲಿ ಯಾವುದಾದರೂ ಗೊಂಚಲು ತಲೆನೋವೇ ಎಂದು ಸಾಧಿಸಹೊರಡುವುದು ಅಭಿಮಾನದ ಕೆಲಸವಾದೀತೇ ಹೊರತು ವಿಚಾರದ ಕೆಲಸವಾಗದು. ದಿನದ ಲಯವನ್ನೂ ಪಕ್ಷದ ಲಯವನ್ನೂ ಬೇರೆ ಬೇರೆಯಾಗಿ ಎಣಿಸಬೇಕೆಂಬ ಅರಿವು ಅಲ್ಲಿದ್ದಿತೆಂದು ಮಾತ್ರ ಹೇಳಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯದರ ಆದಿಯಲ್ಲಿಯೂ ಈ ರೋಗಕ್ಕೆ ಹೆಸರುಗಳ ಮೇಲೆ ಹೆಸರುಗಳು ಬಂದುವು. ೧೮೪೦ರಲ್ಲಿ ರೋಂಬರ್ಗನು ಕಣ್ಣಿನ ನರಶೂಲೆಯೆಂದನು; ೧೮೬೭ರಲ್ಲಿ ಮೊಲ್ಲೆನ್‌ಡಾರ್ಫನು ಕೆಂಪು ಅರೆತಲೆನೋವೆಂದನು; ೧೯೦೮ರಲ್ಲಿ ಅಮೆರಿಕದ ಸ್ಲಡರ್ ಎಂಬವರು ಮೂಗಿನ ಹಿಂದಣ ನರಗ್ರಂಥಿಯಲ್ಲಿ ಇದರ ಮೂಲವನ್ನು ಕಂಡರು; ೧೯೧೩ರಲ್ಲಿ ಬಿಂಗ್ ಎಂಬವರು ಮುಖ ಕೆಂಪೇರುವ ನೋವೆಂದು ಮತ್ತೊಂದು ಗ್ರೀಕ್ ಹೆಸರನ್ನು ಕಟ್ಟಿದರು. ಹೆಸರಿಗೆ ತಕ್ಕಂತೆ ಚಿಕಿತ್ಸೆ: ಮೂಗೆಂದವರು ಮೂಗಿಗೆ ಕೊಕೇನನ್ನು ಸವರಿದರು, ನರವೆಂದವರು ನರಕ್ಕೆ ಮದ್ಯಸಾರವನ್ನು ಚುಚ್ಚಿದರು. ನೋವು ದವಡೆಗೆ ಇಳಿಯುತ್ತಿದ್ದವರು ಹಲ್ಲುಗಳನ್ನು ಕೀಳಿಸಿಕೊಂಡರು. ಹೀಗೆ ಸುಮ್ಮಸುಮ್ಮನೆ ಹಲ್ಲು ಕಳೆದುಕೊಂಡವರು ಇತ್ತೀಚಿನವರೆಗೂ ಇದ್ದಾರೆ.

ಇಷ್ಟು ಬಗೆಯ ಚಿಕಿತ್ಸೆಗಳಿಗೆ ಗುಣವಾದವರ ಸಾಕ್ಷ್ಯವು ದೊರೆತುದು ಹೇಗೆ? ವೈದ್ಯರ ಮೇಲೆ ಅಪ್ರಾಮಾಣಿಕತೆಯನ್ನು ಆರೋಪಿಸಬೇಕಾದ ಕಾರಣವಿಲ್ಲ. ರೋಗಿಯು ವೈದ್ಯನ ಬಳಿಗೆ ಹೋಗುವುದು ನೋವು ಉತ್ಕಟವಾದಾಗ. ಉತ್ಕಟವಾದುದು ಬಹುಮಟ್ಟಿಗೆ ಆವರ್ತದ ನಡುವಿನಲ್ಲಿ. ಆ ಬಳಿಕ ಏನನ್ನು ಮಾಡಿದರೂ, ಏನನ್ನೂ ಮಾಡದಿದ್ದರೂ, ಕೆಲವು ವಾರಗಳಲ್ಲಿ ಆವರ್ತವು ಮುಗಿಯತಕ್ಕುದೇ. ಕೊನೆಗೆ ಯಾವ ಉಪಾಯವನ್ನು ಮಾಡಿದ್ದರೋ ಅದಕ್ಕೆ ಜಯವು ಸಲ್ಲುತ್ತದೆ. ನಮ್ಮ ನೈಯಾಯಿಕರು ಕಾಕತಾಲೀಯವೆಂದು ಕರೆದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವುದು ಕಷ್ಟ. ಮುಂದಿನ ವರ್ಷ ಆವರ್ತವು ಮರಳಿದಾಗ ಆ ರೋಗಿಯು ಬೇರೊಬ್ಬ ವೈದ್ಯನ ಬಳಿಗೆ ಹೋಗಿದ್ದರೆ ಮೊದಲಿನವನಿಗೆ ತನ್ನ ತಪ್ಪು ತಿಳಿಯುವ ಸಂಭವವೂ ಇಲ್ಲ.

ಮಿನ್ನೆಸೋಟದ ಮೇಯೊ ಚಿಕಿತ್ಸಾಲಯದ ಬೇಯರ್ಡ್ ಹಾರ್ಟನ್ ಅವರ ಪ್ರಕರಣವು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ. ೧೯೩೯ರಲ್ಲಿ ಅವರು ಸಹೋದ್ಯೋಗಿಗಳೊಡನೆ ಈ ತಲೆನೋವನ್ನು ಹೊಸದೊಂದು ರೋಗವೆಂದು ವರ್ಣಿಸಿ, ಹಿಸ್ಟಮೀನ್ ಎಂಬ ದ್ರವ್ಯವು ಇದಕ್ಕೆ ಕಾರಣವೆಂದು ಊಹಿಸಿದರು. ಚರ್ಮದ ಕೆಳಗೆ ಅಲ್ಪಪ್ರಮಾಣದ ಹಿಸ್ಟಮೀನನ್ನು ಚುಚ್ಚಿದರೆ ರೋಗಿಗೆ ವೇಗವು ಬರುತ್ತಿದ್ದಿತು. ಅದೇ ದ್ರವ್ಯವನ್ನು ಕಿಂಚಿತ್ತಾಗಿ ಮೊದಲುಮಾಡಿ ಮೆಲ್ಲಮೆಲ್ಲನೆ ಏರಿಸುತ್ತ ದೇಹಕ್ಕೆ ರೂಢಿ ಮಾಡಿಸಿದರೆ ರೋಗವು ನಿಲ್ಲುವುದೆಂದು ಅವರ ಚಿಕಿತ್ಸೆ. ಹಲವರಲ್ಲಿ ನಿಂತಿತು. ನಿಲ್ಲುವುದಕ್ಕೆ ಬೇಕಾದಷ್ಟು ದಿನಗಳು ಕಳೆಯುತ್ತಿದ್ದುವೆಂಬುದನ್ನು ಗಮನಿಸಬೇಕು. ಹಾರ್ಟನ್ನರ ಕಾರಣವಾದವು ತರುವಾಯದ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಅವರ ಹೆಸರಿನ ಚಿಕಿತ್ಸೆಯೂ ಬಳಕೆ ತಪ್ಪಿತು. ಆದರೆ ವೇಗವನ್ನು ಬೇಕೆಂದಾಗ ಬರಿಸಬಹುದೆಂಬ ಅವರ ಕಾಣಿಕೆಯು ಉಳಿಯಿತು. ಅದರ ನಿಜವಾದ ಬೆಲೆಯು ಬೇರೊಂದು ಕಡೆ ಇದ್ದಿತು.

ರೋಗದ ಹೆಸರಿನಿಂದ ಗಮನವು ರೋಗದ ಕಾಲಕ್ಕೆ ತಿರುಗಿದುದು ಕ್ರಮಕ್ರಮವಾಗಿ. ಲಂಡನ್ನಿನ ವಿಲ್‌ಫ್ರೆಡ್ ಹ್ಯಾರಿಸ್ ಅವರು ೧೯೨೬ರಲ್ಲಿಯೇ ಈ ನೋವಿಗೆ ‘ನಿಯತಕಾಲಿಕ’ವೆಂಬ ವಿಶೇಷಣವನ್ನು ಸೇರಿಸಿದ್ದರು. ಸ್ವೀಡನ್ನಿನ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ಅವರು ೧೯೪೭ರಲ್ಲಿ ಎರ್ಗೊಟಮೀನ್ ಮದ್ದಿನ ಫಲವನ್ನು ಬರೆಯುತ್ತ ವೇಗಗಳು ಗುಂಪುಗುಂಪಾಗಿ ಬರುವುದನ್ನು ಎತ್ತಿ ತೋರಿಸಿದರು. ೧೯೫೨ರಲ್ಲಿ ಅಮೆರಿಕದ ಕುಂಕಲ್ ಮತ್ತು ಅವರ ಸಂಗಡಿಗರು ಗೊಂಚಲೆಂಬ ಅರ್ಥದ ‘ಕ್ಲಸ್ಟರ್’ ಪದವನ್ನು ಪ್ರಯೋಗಿಸಿದರು. ಅಂಗದ ಹೆಸರು, ಬಣ್ಣದ ಹೆಸರು, ದ್ರವ್ಯದ ಹೆಸರು ಎಲ್ಲವೂ ಹೋಗಿ ಕಾಲದ ಹೆಸರು ನಿಂತಿತು. ಹೆಸರು ಬದಲಾದುದರಿಂದ ಪ್ರಶ್ನೆಯೂ ಬದಲಾಯಿತು. ಗೊಂಚಲೆಂದ ಮೇಲೆ ಅದಕ್ಕೆ ಮೊದಲೂ ಕೊನೆಯೂ ಇರಲೇಬೇಕಷ್ಟೆ. ಕೊನೆಯನ್ನು ಅರಿಯುವುದು ಹೇಗೆಂದು ಕೇಳುವುದು ಅಂದಿನಿಂದ ನ್ಯಾಯವಾಯಿತು.

ಈ ಪ್ರಶ್ನೆಯನ್ನು ಅನಿವಾರ್ಯ ಮಾಡಿದುದು ಎರ್ಗೊಟಮೀನ್. ರೈ ಎಂಬ ಧಾನ್ಯದ ತೆನೆಯಲ್ಲಿ ಬೆಳೆಯುವ ಎರ್ಗಟ್ ಎಂಬ ಶಿಲೀಂಧ್ರದಿಂದ ಈ ಮದ್ದನ್ನು ತೆಗೆಯುತ್ತಾರೆ. ಮಧ್ಯಯುಗದ ಯೂರೋಪಿನಲ್ಲಿ ಆ ಶಿಲೀಂಧ್ರ ಬೆರೆತ ರೊಟ್ಟಿಯನ್ನು ತಿಂದವರ ಕೈಕಾಲುಗಳು ಕಪ್ಪಾಗಿ ಕೊಳೆತು ಬೀಳುತ್ತಿದ್ದುವು. ಆ ಉಪದ್ರವಕ್ಕೆ ಸಂತ ಆಂತೋನಿಯ ಬೆಂಕಿಯೆಂದು ಹೆಸರು. ರಕ್ತನಾಳಗಳನ್ನು ಹಿಂಡುವ ಈ ಗುಣವೇ ಮಿತವಾಗಿ ಪ್ರಯೋಗಿಸಿದಾಗ ತಲೆನೋವಿಗೆ ಮದ್ದಾಗುತ್ತದೆ. ಬರತಕ್ಕ ವೇಗದ ಹೊತ್ತನ್ನು ಲೆಕ್ಕ ಹಾಕಿ ಅದಕ್ಕೆ ಮುಂಚಿತವಾಗಿ ಚುಚ್ಚಿದರೆ ವೇಗವು ಬಾರದೆ ತಪ್ಪುತ್ತಿದ್ದಿತು. ಆದರೆ ವೇಗವು ಬಾರದಿದ್ದರೆ ಅದು ಮದ್ದಿನಿಂದ ತಪ್ಪಿತೋ, ಆವರ್ತವೇ ಮುಗಿದು ತಪ್ಪಿತೋ ತಿಳಿಯುವ ಬಗೆ ಯಾವುದು? ತಿಳಿಯದೆ ಮುಂದುವರಿಸಿದರೆ ಬೆರಳುಗಳಿಗೆ ಅಪಾಯ. ತಿಳಿಯದೆ ನಿಲ್ಲಿಸಿದರೆ ಅಂದು ರಾತ್ರಿಯೇ ನೋವು.

ಇದಕ್ಕೆ ಉತ್ತರವು ಬ್ರಿಟನ್ನಿನಿಂದ ಬಂದಿತು. ಸರ್ ಚಾರ್ಲ್ಸ್ ಸೈಮಂಡ್ಸ್ ಅವರು ೧೯೫೬ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಈ ತಲೆನೋವನ್ನು ಕುರಿತು ಬರೆದ ಲೇಖನವು ಆ ದೇಶದ ವೈದ್ಯರಿಗೆ ರೋಗದ ಪರಿಚಯವನ್ನು ಮಾಡಿಸಿತು. ಅವರ ಕಾಲದಿಂದ ಅಲ್ಲಿನ ನರವೈದ್ಯರಲ್ಲಿ, ವಾರದ ಉಳಿದ ದಿನಗಳಲ್ಲಿ ಮದ್ದನ್ನು ಕೊಟ್ಟು ಒಂದು ದಿನ ಕೊಡದೆ ಬಿಟ್ಟು ನೋಡುವ ಪದ್ಧತಿಯು ನೆಲೆಗೊಂಡಿತು. ಬಿಟ್ಟ ದಿನ ವೇಗವು ಬಂದರೆ ಆವರ್ತವು ಇನ್ನೂ ನಡೆಯುತ್ತಿದೆ. ಬಾರದಿದ್ದರೆ ಮದ್ದನ್ನು ನಿಲ್ಲಿಸುವ ಪ್ರಯತ್ನವನ್ನು ಮಾಡಬಹುದು. ನೋಡುವುದಕ್ಕೆ ಇದು ಅತಿ ಸರಳವಾದ ಉಪಾಯ. ಆದರೂ ಇಲ್ಲಿ ಮೊದಲ ಬಾರಿಗೆ ಆವರ್ತಾಂತ್ಯವು ಕಾದು ಕುಳಿತು ಕಾಣತಕ್ಕ ಶಕುನವಾಗಿರದೆ, ನಿಶ್ಚಿತವಾದ ದಿನ ಕೇಳಿ ಉತ್ತರ ಪಡೆಯಬೇಕಾದ ಪ್ರಶ್ನೆಯಾಯಿತು. ಆ ಒಂದು ದಿನದ ನೋವನ್ನು ರೋಗಿಯು ಬೆಲೆಯಾಗಿ ತೆರಬೇಕಾಗಿದ್ದಿತೆಂಬುದೂ ನಿಜ.

ಹಾರ್ಟನ್ನರ ಕಾಣಿಕೆಯು ಪ್ರಯೋಜನಕ್ಕೆ ಬಂದುದು ಎರಡನೆಯ ಬಗೆಯ ಪರೀಕ್ಷೆಯಲ್ಲಿ. ಆವರ್ತದ ಕಾಲದಲ್ಲಿ ಸ್ವಲ್ಪ ಮದ್ಯವನ್ನು ಕುಡಿದರೂ ಹಲವು ರೋಗಿಗಳಿಗೆ ಬೇಗನೆ ವೇಗವು ಬರುತ್ತದೆ. ವಿರಾಮದ ಕಾಲದಲ್ಲಿ ಅದೇ ಮದ್ಯವು ಅದೇ ಮನುಷ್ಯನಿಗೆ ಏನನ್ನೂ ಮಾಡುವುದಿಲ್ಲ. ರೋಗಿಗಳು ಇದನ್ನು ಅನುಭವದಿಂದ ಕಂಡುಕೊಂಡು, ಆವರ್ತವು ಮುಗಿಯಿತೆಂದು ತೋರಿದಾಗ ಒಂದು ಗುಟುಕು ಕುಡಿದು ಪರೀಕ್ಷಿಸಿಕೊಳ್ಳುವುದುಂಟು. ೧೯೬೮ರಲ್ಲಿ ಕಾರ್ಲ್ ಎಕ್‌ಬೊಮ್ ಅವರು (ಹಿಂದೆ ಹೇಳಿದ ಎಕ್‌ಬೊಮ್ ಅವರ ಮಗ) ಹೃದಯಶೂಲೆಗೆ ನಾಲಗೆಯ ಕೆಳಗಿಡುವ ನೈಟ್ರೊಗ್ಲಿಸರಿನ್ ಗುಳಿಗೆಯಿಂದ ಇದನ್ನೇ ಕ್ರಮವಾಗಿ ಪರೀಕ್ಷಿಸಿ, ಆವರ್ತದಲ್ಲಿರುವವರಿಗೆ ವೇಗವು ಬರುವುದೆಂದೂ ವಿರಾಮದಲ್ಲಿರುವವರಿಗೆ ಬಾರದೆಂದೂ ತೋರಿಸಿಕೊಟ್ಟರು.

ಈ ಭೇದವು ಎಷ್ಟು ದೂರಕ್ಕೆ ಕೊಂಡೊಯ್ದಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ೧೯೯೮ರಲ್ಲಿ ಲಂಡನ್ನಿನಲ್ಲಿ ಮೇ, ಗೋಡ್ಸ್‌ಬಿ ಮೊದಲಾದವರು ವಿರಾಮವಿಲ್ಲದ ರೂಪದ ಒಂಬತ್ತು ಮಂದಿ ರೋಗಿಗಳಿಗೂ, ಆವರ್ತದ ಹೊರಗಿದ್ದ ಎಂಟು ಮಂದಿಗೂ ನೈಟ್ರೊಗ್ಲಿಸರಿನ್ ಕೊಟ್ಟು ಮಿದುಳಿನ ರಕ್ತಚಲನೆಯ ಚಿತ್ರಗಳನ್ನು ತೆಗೆದರು. ಮೊದಲಿನವರಲ್ಲಿ ವೇಗವು ಬಂದು, ನೋವಿದ್ದ ಪಕ್ಕದ ಹೈಪೊಥಾಲಮಸಿನ ಭಾಗವು ಜಾಗೃತವಾದುದು ಕಂಡಿತು. ಎರಡನೆಯವರಲ್ಲಿ ವೇಗವೂ ಇಲ್ಲ, ಆ ಜಾಗೃತಿಯೂ ಇಲ್ಲ. ಹೈಪೊಥಾಲಮಸ್ ಎಂಬುದು ನಿದ್ರೆ ಎಚ್ಚರಗಳ ಮತ್ತು ಹಗಲಿರುಳುಗಳ ಲಯವನ್ನು ನಡೆಸುವ ಸ್ಥಾನ. ಗೊತ್ತಾದ ಗಳಿಗೆಯೆಂದು ಟುಲ್ಪನು ಬರೆದುದಕ್ಕೆ ಮುನ್ನೂರೈವತ್ತು ವರ್ಷಗಳಾದ ಮೇಲೆ ಒಂದು ನೆಲೆ ಸಿಕ್ಕಿತು. ಎರಡನೆಯದು, ಡೆನ್ಮಾರ್ಕಿನ ವೈದ್ಯರು ೨೦೧೮ರಲ್ಲಿ ಪ್ರಕಟಿಸಿದುದು. ನರಗಳ ತುದಿಯಲ್ಲಿ ಹುಟ್ಟುವ, ಸಂಕ್ಷೇಪವಾಗಿ ಸಿಜಿಆರ್‌ಪಿ ಎಂದು ಕರೆಯುವ ದ್ರವ್ಯವನ್ನು ರಕ್ತಕ್ಕೆ ಹರಿಸಿದಾಗ, ಆವರ್ತದಲ್ಲಿದ್ದ ೯ ಮಂದಿಯಲ್ಲಿ ೮ ಮಂದಿಗೆ ವೇಗವು ಬಂದಿತು. ವಿರಾಮದಲ್ಲಿದ್ದ ೯ ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಹಾಗಾದರೆ ವಿರಾಮವೆಂಬುದು ಎರಡು ವೇಗಗಳ ನಡುವಣ ಬಿಡುವು ಸುಮ್ಮನೆ ಉದ್ದವಾದುದಲ್ಲ. ಮಿದುಳಿನ ಸ್ಥಿತಿಯೇ ಬೇರೆಯಾದುದೆಂದು ಹೇಳಬೇಕಾಗುತ್ತದೆ.

ಆದರೂ ಪ್ರಚೋದನೆಯ ಈ ಪರೀಕ್ಷೆಯು ಒಂದೇ ದಿಕ್ಕಿನಲ್ಲಿ ನಂಬತಕ್ಕುದು. ವೇಗವು ಬಂದರೆ ಆವರ್ತವು ನಡೆಯುತ್ತಿದೆಯೆಂಬುದು ನಿಶ್ಚಯ. ಬಾರದಿದ್ದರೆ ಆವರ್ತವು ಮುಗಿದಿರಬಹುದು. ಇಲ್ಲವೆ ಆಗತಾನೆ ಒಂದು ವೇಗವು ಬಂದು ಹೋಗಿ ಮತ್ತೊಂದಕ್ಕೆ ದೇಹವು ಅಣಿಯಾಗಿರದಿರಬಹುದು. ಇಲ್ಲವೆ ತಡೆಯುವ ಮದ್ದು ಕೆಲಸ ಮಾಡುತ್ತಿರಬಹುದು. ಇಲ್ಲವೆ ಆ ಮನುಷ್ಯನಿಗೆ ಮದ್ಯವು ಎಂದೂ ತಾಕದಿರಬಹುದು. ಸಂಶೋಧನಾಲಯದಲ್ಲಿ ಇದಕ್ಕಿರುವ ಬೆಲೆಯು ಮನೆಯಲ್ಲಿಲ್ಲ. ಇನ್ನೂ ಮುಗಿಯದ ಆವರ್ತದಲ್ಲಿ ಬೇಡದ ನೋವನ್ನು ಕರೆದುಕೊಂಡಂತೆಯೂ ಆದೀತು.

ಪ್ರಚೋದನೆಯಿಲ್ಲದೆ ತಾನಾಗಿ ಕಾಣುವ ಲಕ್ಷಣಗಳೇ ಇಲ್ಲವೆಂದು ಹೇಳಲಾಗದು. ವೇಗಗಳ ನಡುವಣ ಅಂತರವು ಹೆಚ್ಚುವುದು, ನೋವಿನ ತೀವ್ರತೆಯು ತಗ್ಗುವುದು, ವೇಗವು ಬೇಗ ಮುಗಿಯುವುದು, ತಪ್ಪದೆ ಬರುತ್ತಿದ್ದ ಹೊತ್ತು ಸಡಿಲವಾಗುವುದು, ಪೂರ್ಣವಾದ ವೇಗವು ಬಾರದೆ ಅದೇ ಪಕ್ಕದಲ್ಲಿ ಮಂದವಾದ ಮಿಡಿತ ಮಾತ್ರ ಉಳಿಯುವುದು: ಇವುಗಳನ್ನು ರೋಗಿಗಳು ಬಲ್ಲರು. ಕಡೆಯದನ್ನು ಅವರು ‘ನೆರಳು’ ಎಂಬ ಮಾತಿನಿಂದ ಕರೆಯುವರು. ಕಡೆಯ ವೇಗವು ಬಂದು ಹೋದ ಮೇಲೂ ನೆರಳು ಕೆಲವು ದಿನ ಸುಳಿದಾಡುವುದುಂಟು. ತೊಡಕೇನೆಂದರೆ ಆವರ್ತವು ಮೊದಲಾಗುವಾಗಲೂ ಹೀಗೆಯೇ ನೆರಳಿನಿಂದಲೇ ಮೊದಲಾಗುವುದು. ನಡುವಿನಲ್ಲಿಯೂ ಒಂದೆರಡು ದಿನ ಸುಮ್ಮನಿದ್ದು ಮತ್ತೆ ಏಳುವುದು. ಡೆನ್ಮಾರ್ಕಿನವರೇ ೨೦೧೯ರಲ್ಲಿ ಒಬ್ಬ ರೋಗಿಯು ವರ್ಷಗಟ್ಟಲೆ ತಪ್ಪದೆ ಬರೆದಿಟ್ಟ ೪೬೦೦ ವೇಗಗಳ ದಿನಚರಿಯನ್ನು ಪರಿಶೀಲಿಸಿ ಪ್ರಕಟಿಸಿದರು. ವೇಗದ ಉದ್ದವೂ ತೀವ್ರತೆಯೂ ಒಂದು ಆವರ್ತದಿಂದ ಇನ್ನೊಂದಕ್ಕೆ ಮಾತ್ರವಲ್ಲದೆ ಒಂದೇ ಆವರ್ತದೊಳಗೂ ಬಹಳವಾಗಿ ಬದಲಾಗುವುದೆಂದು ಅದರಿಂದ ತಿಳಿದುಬಂದಿತು. ಒಂದು ದಿನದ ಹಗುರವಾದ ನೋವನ್ನು ನೋಡಿ ಏನನ್ನೂ ನಿರ್ಣಯಿಸಲಾಗದು. ಹಲವು ದಿನಗಳ ಬರೆಹವನ್ನು ಸಾಲಾಗಿಟ್ಟು ನೋಡಿದರೆ ಇಳಿಮುಖವು ಕಂಡೀತು. ಹಿಂದಿನ ಸಲ ಆರು ವಾರವಿದ್ದಿತು, ಈ ಸಲವೂ ಅಷ್ಟೇ ಎಂಬ ಎಣಿಕೆಯು ಎಷ್ಟೋ ಸಲ ಸರಿಯಾಗುವುದು, ಆದರೆ ತಪ್ಪಿದ ಸಲ ಬಹಳ ನೋಯಿಸುವುದು.

ಈಗಿನ ಮದ್ದುಗಳಲ್ಲಿ ವೇಗವನ್ನು ನಿಲ್ಲಿಸತಕ್ಕವು ಬೇರೆ, ಆವರ್ತವನ್ನು ಅಡಗಿಸತಕ್ಕವು ಬೇರೆ. ಶುದ್ಧ ಆಮ್ಲಜನಕವನ್ನು ಸೇದುವುದೂ ಸುಮಾಟ್ರಿಪ್ಟಾನ್ ಚುಚ್ಚಿಕೊಳ್ಳುವುದೂ ಮೊದಲನೆಯ ವರ್ಗ. ಇವು ಆವರ್ತದ ನಡೆಯನ್ನು ಮರೆಮಾಡುವುದಿಲ್ಲ. ವೆರಾಪಮಿಲ್ ಮತ್ತು ಪ್ರೆಡ್ನಿಸೋನ್ ಎರಡನೆಯ ವರ್ಗ; ಎರ್ಗೊಟಮೀನಿನ ಹಳೆಯ ತೊಡಕು ಇವುಗಳಲ್ಲಿಯೂ ಇದೆ. ಪ್ರೆಡ್ನಿಸೋನನ್ನು ಬಹುಕಾಲ ಕೊಟ್ಟರೆ ಎಲುಬು ಸವೆಯುವುದು. ಹೆಚ್ಚಿನ ಪ್ರಮಾಣದ ವೆರಾಪಮಿಲ್ ಹೃದಯದ ಮಿಡಿತವನ್ನು ಕೆಡಿಸಬಹುದಾದುದರಿಂದ ಅದನ್ನು ಏರಿಸುವಾಗ ಹೃದಯದ ವಿದ್ಯುಲ್ಲೇಖವನ್ನು ತೆಗೆದು ನೋಡುತ್ತಿರಬೇಕಾಗುತ್ತದೆ. ಮುಗಿದ ಆವರ್ತಕ್ಕೆ ಮದ್ದು ತಿನ್ನುತ್ತಿರುವುದು ನಿರುಪದ್ರವಿಯಾದ ಎಚ್ಚರಿಕೆಯಲ್ಲ.

ತಾನಾಗಿ ಮುಗಿಯುವ ಈ ಸ್ವಭಾವವು ಎಷ್ಟು ಪ್ರಬಲವಾದುದೆಂಬುದಕ್ಕೆ ಅಂಕಿಗಳ ಸಾಕ್ಷ್ಯವೂ ದೊರೆತಿದೆ. ಸಿಜಿಆರ್‌ಪಿಯನ್ನು ತಡೆಯುವ ಗಾಲ್ಕನೆಜುಮಾಬ್ ಎಂಬ ಮದ್ದಿನ ಪರೀಕ್ಷೆಯು ೨೦೧೯ರಲ್ಲಿ ಪ್ರಕಟವಾಯಿತು. ಮೊದಲ ಮೂರು ವಾರಗಳಲ್ಲಿ, ಮದ್ದು ಪಡೆದವರಿಗೆ ವಾರದ ವೇಗಗಳು ಸರಾಸರಿ ೮.೭ರಷ್ಟು ಇಳಿದುವು, ಮದ್ದೆಂಬ ಹೆಸರಿನಲ್ಲಿ ಬರಿಯ ದ್ರವವನ್ನು ಚುಚ್ಚಿಸಿಕೊಂಡವರಿಗೂ ೫.೨ರಷ್ಟು ಇಳಿದುವು. ಮದ್ದಿನ ಗುಣವು ಈ ಎರಡರ ಅಂತರ ಮಾತ್ರ. ಬರಿಯ ದ್ರವದ ಪಾಲಿಗೆ ಬಂದ ಇಳಿಕೆಯಲ್ಲಿ ನಂಬಿಕೆಯ ಫಲವೂ ಸೇರಿದ್ದೀತು. ಆದರೆ ಬಹುಭಾಗವು ಕಾಲದ್ದೇ ಎಂದು ತೋರುತ್ತದೆ. ಹೋಲಿಸಿ ನೋಡುವ ಗುಂಪಿಲ್ಲದೆ ಬರೆದ ಹಳೆಯ ಗ್ರಂಥಗಳಲ್ಲಿ ಈ ಭಾಗವೆಲ್ಲವೂ ಮೂಗಿನ ಕೊಕೇನಿಗೂ ನರದ ಮದ್ಯಸಾರಕ್ಕೂ ಹಿಸ್ಟಮೀನಿಗೂ ಸಂದುಹೋಯಿತು. ಆ ಪರೀಕ್ಷೆಗೆ ೧೬೨ ಮಂದಿ ಬೇಕೆಂದು ಮೊದಲು ಗೊತ್ತುಮಾಡಿದ್ದು, ಅರ್ಹರು ಸಾಕಷ್ಟು ದೊರೆಯದೆ ೧೦೬ಕ್ಕೆ ನಿಲ್ಲಿಸಬೇಕಾಯಿತು.

ಅಂತರರಾಷ್ಟ್ರೀಯ ವರ್ಗೀಕರಣವೂ ಈ ಪ್ರಶ್ನೆಯ ಮುಂದೆ ಎರಡು ಸಲ ಮನಸ್ಸು ಬದಲಾಯಿಸಿದೆ. ೧೯೮೮ರಲ್ಲಿ ಅದು ಎರಡು ಆವರ್ತಗಳ ನಡುವೆ ಕನಿಷ್ಠಪಕ್ಷ ೧೪ ದಿನಗಳ ವಿರಾಮವಿರಬೇಕೆಂದು ವಿಧಿಸಿತು. ೨೦೦೪ರಲ್ಲಿ ಅದನ್ನು ಒಂದು ತಿಂಗಳಿಗೆ ಏರಿಸಿತು. ೨೦೧೮ರಲ್ಲಿ ಮೂರು ತಿಂಗಳೆಂದಿತು. ಶ್ರಾವಣದಲ್ಲಿ ನಿಂತ ನೋವು ಆಶ್ವಯುಜದಲ್ಲಿ ಮರಳಿದರೆ, ಮೊದಲಿನ ನಿಯಮದಂತೆ ಅದು ಹೊಸ ಆವರ್ತ. ಈಗಿನ ನಿಯಮದಂತೆ ನಡುವಣ ಬಿಡುವು ವಿರಾಮವೆಂದು ಲೆಕ್ಕಕ್ಕೇ ಬಾರದು. ಯಾವ ನಿಯಮದಲ್ಲಿಯೂ ಆವರ್ತಾಂತ್ಯವನ್ನು ಅದು ಸಂಭವಿಸಿದ ದಿನ ಗುರುತಿಸುವ ಲಕ್ಷಣವನ್ನು ಹೇಳಿಲ್ಲ. ಕಳೆದುಹೋದ ದಿನಗಳನ್ನು ಹಿಂದಿರುಗಿ ಎಣಿಸುವುದನ್ನು ಮಾತ್ರ ಹೇಳಿದೆ.

ಮೂರು ತಿಂಗಳು ಕಾಯುವುದು ವರ್ಗೀಕರಣಕ್ಕೆ ಸಾಧ್ಯ, ಚಿಕಿತ್ಸೆಗೆ ಸಾಧ್ಯವಲ್ಲ. ಆದುದರಿಂದ ವೈದ್ಯರ ರೂಢಿಯು ಬೇರೆಯಾಗಿದೆ. ಸುಮಾರು ಎರಡು ವಾರಗಳ ಕಾಲ ವೇಗವೂ ನೆರಳೂ ಕಾಣಿಸದಿದ್ದರೆ, ರೋಗಿಯು ಬರೆದಿಟ್ಟ ದಿನಚರಿಯನ್ನು ನೋಡಿ, ವೆರಾಪಮಿಲನ್ನು ಒಮ್ಮೆಗೇ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬರುವರು. ಬ್ರಿಟನ್ನಿನವರು ಬಿಟ್ಟು ನೋಡುತ್ತಿದ್ದ ಒಂದು ದಿನವೇ ಇಲ್ಲಿ ಹಲವು ದಿನಗಳಾಗಿ ಹರಡಿಕೊಂಡಿದೆ. ತಗ್ಗಿಸುವಾಗ ನೋವು ಮರಳಿದರೆ ಮದ್ದನ್ನು ಹಿಂದಿನ ಪ್ರಮಾಣಕ್ಕೆ ಏರಿಸಿ, ದಿನಗಳನ್ನು ಮೊದಲಿನಿಂದ ಎಣಿಸಿ, ಮತ್ತೊಮ್ಮೆ ಅದೇ ಪ್ರಯತ್ನವನ್ನು ಮಾಡುವರು.